ಹೊಗೆ ಅಕ್ಕ ಮತ್ತು ಆರು ಸಣ್ಣ ಕೆಪಾಸಿಟರ್

ಕೃತಕ ಕಾಲು ತಯಾರಿಸುವ ಆ ಕಾರ್ಯಾಗಾರದಲ್ಲಿ ಬೆಳಗಿನ ಮೊದಲ ಕೆಲಸವೆಂದರೆ ಕಂಪ್ಯೂಟರಿನ ಹೊಟ್ಟೆಗೆ ಬಿಸಿಗಾಳಿ ಊದುವುದು. ಕೌಂಟರಿನಲ್ಲಿ ಕೂರುವ ಹುಡುಗಿ ಬಾಗಿಲು ತೆಗೆದವಳೇ ಹೆಗಲ ಚೀಲವನ್ನು ಮೊಳೆಗೆ ತಗುಲಿಸಿ, ಮೂಲೆಯಲ್ಲಿದ್ದ ಹಳೆಯ ಕಂಪ್ಯೂಟರಿನ ಪಕ್ಕದ ತಗಡು ಸರಿಸಿ, ತನ್ನ ಹೇರ್ ಡ್ರೈಯರನ್ನು ಅದರೊಳಕ್ಕೆ ತಿರುಗಿಸಿ ಹಿಡಿಯುತ್ತಿದ್ದಳು. ಬೋರ್ಡು ಬೆಚ್ಚಗಾದ ಮೇಲೆ ಗುಂಡಿ ಒತ್ತಿದರೆ ಪರದೆಯಲ್ಲಿ ಬೆಳಕು ಬರುತ್ತಿತ್ತು. ಬರದಿದ್ದರೆ ಇನ್ನಷ್ಟು ಹೊತ್ತು ಊದಬೇಕು.

ಈ ವಿದ್ಯೆಯನ್ನು ಅವಳಿಗೆ ಯಾರೂ ಕಲಿಸಿದ್ದಲ್ಲ. ಬೆಳಿಗ್ಗೆ ಮೊಂಡು ಹಿಡಿಯುವ ಕಂಪ್ಯೂಟರ್ ಮಧ್ಯಾಹ್ನ ಬಿಸಿಲೇರಿದ ಮೇಲೆ ತಾನಾಗಿ ಸರಿಹೋಗುವುದನ್ನು ಆ ಚಳಿಗಾಲವೆಲ್ಲ ಎಲ್ಲರೂ ನೋಡಿದ್ದರು. ತಲೆಸ್ನಾನ ಮಾಡಿ ಒದ್ದೆ ಕೂದಲಲ್ಲೇ ಕೆಲಸಕ್ಕೆ ಬಂದಿದ್ದ ಒಂದು ದಿನ, "ನನಗಿಂತ ಇದಕ್ಕೇ ಚಳಿ ಜಾಸ್ತಿ" ಎಂದು ನಗುತ್ತಾ ಹುಡುಗಿ ಡ್ರೈಯರನ್ನು ಅದರ ಕಡೆ ತಿರುಗಿಸಿದಳು. ಕಂಪ್ಯೂಟರ್ ಎದ್ದು ಕೂತಿತು. ಅಂದಿನಿಂದ ಡ್ರೈಯರ್ ಕಂಪ್ಯೂಟರಿನ ಸ್ವತ್ತಾಯಿತು. ಹುಡುಗಿ ಕೂದಲನ್ನು ಬಿಸಿಲಿಗೆ ಹರವಿಕೊಂಡು ಒಣಗಿಸತೊಡಗಿದಳು.

ಹೊಗೆ ಅಕ್ಕ ಇದನ್ನು ಮೊದಲ ಸಲ ಕಂಡದ್ದು ತಮ್ಮನ ಕಾಲಿನ ಅಳತೆ ಕೊಡಿಸಲು ಬಂದಾಗ. ಬೆಂಚಿನಿಂದ ಎದ್ದು ಹತ್ತಿರ ಹೋಗಿ, ತೆರೆದ ಹೊಟ್ಟೆಯೊಳಗೆ ಇಣುಕಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಎಷ್ಟು ದಿನದಿಂದ ಹೀಗೆ ಮಾಡ್ತಿದ್ದೀರಿ?"

"ಎರಡು ಚಳಿಗಾಲ ಆಯ್ತು ಅಕ್ಕ. ಮೊದಲೆಲ್ಲ ಒಂದು ಉಸಿರು ಊದಿದ್ರೆ ಸಾಕಿತ್ತು. ಈಗ ನನ್ನ ಕೈ ಸೋತು ಬೀಳೋವರೆಗೆ ಊದಬೇಕು."

"ಇನ್ನು ಸ್ವಲ್ಪ ದಿನಕ್ಕೆ ನೀನು ಎಷ್ಟು ಊದಿದ್ರೂ ಇದು ಏಳಲ್ಲಮ್ಮ" ಎಂದಳು ಹೊಗೆ ಅಕ್ಕ.

ಹಾಗೆ ಹೇಳುವ ಅಧಿಕಾರ ಅವಳಿಗಿತ್ತು. ಅವಳ ನಿಜವಾದ ಹೆಸರು ಬೀದಿಯಲ್ಲಿ ಯಾರಿಗೂ ನೆನಪಿಲ್ಲ. ಮೂರು ಮಹಡಿಯ ಕಟ್ಟಡವೊಂದರ ಮೆಟ್ಟಿಲ ಕೆಳಗೆ, ನೆಟ್ಟಗೆ ನಿಂತರೆ ತಲೆ ತಾಗುವಂಥ ಜಾಗದಲ್ಲಿ ಅವಳ ರಿಪೇರಿ ಅಂಗಡಿ. ಬೆಸುಗೆಯ ತೆಳು ಹೊಗೆ ದಿನವಿಡೀ ಅಲ್ಲಿಂದ ಮೇಲೇಳುತ್ತಾ ಮೆಟ್ಟಿಲು ಹತ್ತುವವರ ಮೂಗಿಗೆ ಬಡಿಯುತ್ತದೆ. ಮೇಲಿನ ಮನೆಯವರು ಬೈಯುತ್ತಾ ಇಟ್ಟ ಹೆಸರು ಆಮೇಲೆ ಪ್ರೀತಿಯದಾಯಿತು. ಅದಕ್ಕೂ ಮೊದಲು ಅವಳು ಟೀವಿ ಕಾರ್ಖಾನೆಯೊಂದರಲ್ಲಿ ಉದ್ದನೆಯ ಸಾಲಿನಲ್ಲಿ ಕೂತು ಬೋರ್ಡುಗಳಿಗೆ ಬೆಸುಗೆ ಹಾಕುತ್ತಿದ್ದವಳು. ತಾಯಿ ತೀರಿಕೊಂಡ ವರ್ಷ ಕೆಲಸಕ್ಕೆ ಸೇರಿದಳು. ತಮ್ಮ ಆಗಿನ್ನೂ ಶಾಲೆಯ ಚೀಲವನ್ನು ಎಳೆದುಕೊಂಡು ಹೋಗುವ ವಯಸ್ಸಿನವನು. ಅವನನ್ನು ಓದಿಸಿದ್ದು, ಕಂಡಕ್ಟರ್ ಕೆಲಸದ ಪರೀಕ್ಷೆಗೆ ಕೂರಿಸಿದ್ದು, ಮೊದಲ ದಿನ ಖಾಕಿ ಅಂಗಿಗೆ ಇಸ್ತ್ರಿ ಮಾಡಿದ್ದು ಎಲ್ಲ ಅವಳೇ. ಕಾರ್ಖಾನೆ ಮುಚ್ಚಿದಾಗ ಅವಳು ಅಲ್ಲಿಂದ ತಂದದ್ದು ಒಂದು ಬೆಸುಗೆ ಐರನ್ ಮತ್ತು ಸಾಲಿನ ಹಿರಿಯ ಹೆಂಗಸೊಬ್ಬಳು ಕಲಿಸಿದ ಒಂದು ಕಟ್ಟುಪಾಡು: ಒಂದು ತೆಗೆ, ಒಂದು ಹಾಕು. ಒಂದು ಬಿಡಿಭಾಗ ಕಿತ್ತರೆ ಅದರ ಜಾಗಕ್ಕೆ ಹೊಸದನ್ನು ಕೂರಿಸಿದ ಮೇಲೆಯೇ ಮುಂದಿನದಕ್ಕೆ ಕೈ ಹಾಕಬೇಕು. ಬೋರ್ಡಿನ ಮೇಲೆ ಎರಡು ಖಾಲಿ ಜಾಗ ಒಟ್ಟಿಗೆ ಕಾಣಿಸಬಾರದು. ಅಷ್ಟು ವರ್ಷಗಳಲ್ಲಿ ಅವಳು ಇದನ್ನು ಮೀರಿದ್ದಿಲ್ಲ.

ತಮ್ಮನ ಕಾಲು ಹೋದದ್ದು ಡಿಪೋದಲ್ಲಿ, ಹಿಂದಕ್ಕೆ ಬರುತ್ತಿದ್ದ ಬಸ್ಸಿಗೂ ಗೋಡೆಗೂ ನಡುವೆ ಸಿಕ್ಕಿ. ಮೊಣಕಾಲು ಉಳಿಯಿತು, ಅದರ ಕೆಳಗೆ ಗೇಣುದ್ದ ಬಿಟ್ಟು ಮಿಕ್ಕದ್ದು ಹೋಯಿತು. ಇದೇ ಕಾರ್ಯಾಗಾರದಲ್ಲಿ ಕಾಲು ಮಾಡಿಸಿಕೊಂಡು ಮತ್ತೆ ಬಸ್ಸು ಹತ್ತಿದ. ದಿನವಿಡೀ ನಿಂತೇ ಮಾಡುವ ಕೆಲಸ, ಅವನೇನೂ ಕುಗ್ಗಲಿಲ್ಲ. ಆದರೆ ಆ ತುಂಡುಗಾಲಿನ ಮಾಂಸ ವರ್ಷ ಕಳೆದಂತೆ ಇಳಿಯಿತು. ಅದು ಕೂರುವ ಪ್ಲಾಸ್ಟಿಕ್ ಬಟ್ಟಲು ಸಡಿಲವಾಗಿ, ಮುಂಭಾಗದ ಮೂಳೆಯ ತುದಿಗೆ ಉಜ್ಜಿ ಉಜ್ಜಿ ಗಾಯವಾಯಿತು. ಗಾಯ ಮೂಳೆ ಮುಟ್ಟಿದರೆ ಮೊಣಕಾಲಿನ ಮೇಲಕ್ಕೆ ಕತ್ತರಿಸಬೇಕಾದೀತು ಎಂದು ಡಾಕ್ಟರು ಎಚ್ಚರಿಸಿದ್ದರು. ಹೊಸ ಬಟ್ಟಲು ಬೇಗ ಸಿಗಬೇಕು. ಸಿಗುವವರೆಗೆ ಹಳೆಯ ಕಾಲನ್ನು ಮುಟ್ಟದೆ ಊರುಗೋಲಿನಲ್ಲೇ ಓಡಾಡಬೇಕು. ತಮ್ಮ ಹೂಂ ಎಂದಿದ್ದ.

ಬಟ್ಟಲಿನ ಅಚ್ಚು ಕೊರೆಯುವುದು ಯಂತ್ರದ ಕೆಲಸ. ಕಾಲಿನ ಆಕಾರ ಕಂಪ್ಯೂಟರಿನಲ್ಲಿರುತ್ತದೆ. ಅದು ಹೇಳಿದಂತೆ ಯಂತ್ರದ ಸೂಜಿ ತಿರುಗುತ್ತಾ, ಗಟ್ಟಿ ಫೋಮಿನ ದಿಂಡೊಂದನ್ನು ಮೇಲಿನಿಂದ ಕೆಳಗೆ ಕೊರೆಯುತ್ತಾ ಬರುತ್ತದೆ. ಆ ಅಚ್ಚಿನ ಮೇಲೆ ಕಾದ ಪ್ಲಾಸ್ಟಿಕ್ ಹಾಳೆ ಹೊದಿಸಿದರೆ ಬಟ್ಟಲು. ಯಂತ್ರ ಮಾಡಿದ ಕಂಪನಿ ಮುಚ್ಚಿಹೋಗಿ ಬಹಳ ಕಾಲವಾಯಿತು. ಅದನ್ನು ನಡೆಸುವ ಕಾರ್ಡು ಕೂರುವುದು ಈ ಹಳೆಯ ಮದರ್‌ಬೋರ್ಡಿನ ಉದ್ದನೆಯ ಸಂದಿನಲ್ಲಿ ಮಾತ್ರ. ಹೊಸ ಕಂಪ್ಯೂಟರುಗಳಲ್ಲಿ ಅಂಥ ಸಂದೇ ಇಲ್ಲ. ಈ ಬೋರ್ಡು ಸತ್ತರೆ ಯಂತ್ರವೂ ಸತ್ತಂತೆ. ಕೈಯಲ್ಲಿ ಅಚ್ಚು ಮಾಡಿಕೊಡುವ ಇನ್ನೊಂದು ಜಾಗ ಇರುವುದು ದೂರದಲ್ಲಿ, ಅಲ್ಲಿ ಸರದಿ ಬರುವಷ್ಟರಲ್ಲಿ ಅರ್ಧ ವರ್ಷ.

ಅಕ್ಕನ ಮಾತು ಸುಳ್ಳಾಗಲಿಲ್ಲ. ತಮ್ಮನ ಅಚ್ಚು ಕೊರೆಯಬೇಕಾಗಿದ್ದ ದಿನ ಬೆಳಿಗ್ಗೆ ಡ್ರೈಯರಿನ ಗಾಳಿಗೆ ಕಂಪ್ಯೂಟರ್ ಕಣ್ಣೇ ಬಿಡಲಿಲ್ಲ. ಅವಳು ಐರನ್, ಕರೆಂಟು ಪರೀಕ್ಷಿಸುವ ಮೀಟರು, ಕೆಪಾಸಿಟರಿನ ಡಬ್ಬಿ ಹಿಡಿದುಕೊಂಡು ತಮ್ಮನ ಜೊತೆ ಬಂದಳು.

ಕಾರ್ಯಾಗಾರದ ಹಿರಿಯರನ್ನು ಎಲ್ಲರೂ ಕರೆಯುವುದು ಕಾಲು ಮೇಷ್ಟ್ರು ಎಂದು. ಮಾತಿಗಿಂತ ಒರೆಸುವುದು ಜಾಸ್ತಿ. ಗಾಯವಿರುವ ಚರ್ಮ ಮುಟ್ಟುವ ಕೆಲಸವಾದ್ದರಿಂದ ಮೇಜು, ಕತ್ತರಿ, ಅಳತೆಪಟ್ಟಿ, ಬಾಗಿಲ ಹಿಡಿ ಎಲ್ಲವನ್ನೂ ಸ್ಪಿರಿಟ್ ಹಚ್ಚಿದ ಬಟ್ಟೆಯಿಂದ ಒರೆಸುತ್ತಲೇ ಇರುತ್ತಾರೆ. ಆ ಬಟ್ಟೆ ಸದಾ ಅವರ ಹೆಗಲ ಮೇಲೆ.

"ಏನಮ್ಮ, ಬದುಕುತ್ತಾ?" ಎಂದು ಕೇಳಿದರು.

ಅಕ್ಕ ಬೋರ್ಡನ್ನು ಹೊರಗೆ ತೆಗೆದು ಬೆಳಕಿಗೆ ಹಿಡಿದಳು. ಕೆಪಾಸಿಟರ್ ಎಂದರೆ ಕರೆಂಟಿನ ಏರಿಳಿತವನ್ನು ನುಂಗಿಕೊಂಡು ಸಮವಾಗಿ ಬಿಡುವ ಪುಟ್ಟ ಡಬ್ಬಿ. ಒಳಗಿನ ರಸ ಒಣಗಿದರೆ ಅದರ ಕಸುವು ಹೋಗುತ್ತದೆ. ಬಿಸಿ ತಾಗಿದಾಗ ಸ್ವಲ್ಪ ಹೊತ್ತು ಚೇತರಿಸಿಕೊಂಡಂತೆ ನಟಿಸುತ್ತದೆ. ಪ್ರೊಸೆಸರಿನ ಸುತ್ತ ನಿಂತಿದ್ದ ದಪ್ಪ ಕೆಪಾಸಿಟರುಗಳ ತಲೆ ಉಬ್ಬಿ, ಒಂದೆರಡು ಬಿರಿದು ಕಂದು ಅಂಟು ಒಸರಿತ್ತು. ಅವುಗಳ ಬಗ್ಗೆ ಯೋಚನೆ ಮಾಡುವಂಥದ್ದು ಏನೂ ಇರಲಿಲ್ಲ. ಆದರೆ ಕಾರ್ಡು ಕೂರುವ ಸಂದಿನ ಪಕ್ಕ ಇನ್ನಾರು ಇದ್ದವು. ಪೆನ್ಸಿಲಿನ ತುದಿಯ ರಬ್ಬರಿನಷ್ಟು ಸಣ್ಣವು. ತಲೆ ಚಪ್ಪಟೆಯಾಗಿ, ಮೈ ಹೊಳೆಯುತ್ತಾ, ಏನೂ ಆಗಿಲ್ಲವೆಂಬಂತೆ ಸಾಲಾಗಿ ನಿಂತಿದ್ದವು.

"ಸಣ್ಣವನ್ನೂ ತೆಗೀತೀಯಾ?" ತಮ್ಮ ಬೆಂಚಿನಿಂದ ಕೂಗಿದ.

"ಸುಮ್ನಿರೋ. ಅವು ಚೆನ್ನಾಗಿ ಕಾಣ್ತಿವೆ."

ಕಾಣುವುದೇ ಬೇರೆ, ಇರುವುದೇ ಬೇರೆ ಎಂದು ಅವಳಿಗೆ ಗೊತ್ತಿತ್ತು. ಜೊತೆಗೆ ಇನ್ನೊಂದು ವಿಷಯವೂ ಗೊತ್ತಿತ್ತು. ಆ ಸಣ್ಣವುಗಳ ಕಾಲು ಇಳಿದಿರುವ ರಂಧ್ರಗಳಲ್ಲಿ ಕೂದಲಿನಷ್ಟು ತೆಳುವಾದ ತಾಮ್ರದ ಬಳೆಗಳಿರುತ್ತವೆ. ಬಿಸಿ ಸಾಲದೆ ಎಳೆದರೆ ಬಳೆಯೇ ಕಿತ್ತು ಬರುತ್ತದೆ. ಒಂದು ಕಿತ್ತು ಬಂದರೂ ಬೋರ್ಡು ಕಸದ ಬುಟ್ಟಿಗೆ.

ದಪ್ಪ ಕೆಪಾಸಿಟರುಗಳನ್ನು ಒಂದು ತೆಗೆದು ಒಂದು ಹಾಕಿ ಮುಗಿಸಿದಳು. ಬೋರ್ಡನ್ನು ಮತ್ತೆ ಕೂರಿಸಿ ಗುಂಡಿ ಒತ್ತಿದಾಗ, ಡ್ರೈಯರ್ ಮುಟ್ಟದೆಯೇ ಪರದೆ ಬೆಳಗಿತು. ಕೌಂಟರ್ ಹುಡುಗಿ ಚಪ್ಪಾಳೆ ತಟ್ಟಿದಳು. ಮೇಷ್ಟ್ರು ಫೋಮಿನ ದಿಂಡೊಂದನ್ನು ಯಂತ್ರಕ್ಕೆ ಸಿಕ್ಕಿಸಿ, ಅದನ್ನೂ ಒಮ್ಮೆ ಒರೆಸಿ, ತಮ್ಮನ ಕಾಲಿನ ಆಕಾರವನ್ನು ಪರದೆಗೆ ತಂದರು. ಸೂಜಿ ತಿರುಗತೊಡಗಿತು. ಬಿಳಿಯ ಪುಡಿ ಸಣ್ಣಗೆ ಉದುರಿತು.

ಮೊಣಕಾಲಿನ ಕೆಳಗಿನ ಭಾಗಕ್ಕೆ ಬಂದಾಗ ಯಂತ್ರ ಒಮ್ಮೆ ಮುಗ್ಗರಿಸಿದಂತೆ ಸದ್ದು ಮಾಡಿತು. ನಿಲ್ಲಲಿಲ್ಲ. ಆದರೆ ಮೇಷ್ಟ್ರು ಅಚ್ಚನ್ನು ಬಿಡಿಸಿ ಬೆರಳಾಡಿಸಿ ನೋಡಿ ಅಕ್ಕನ ಕೈಗೆ ಕೊಟ್ಟರು. ಸುತ್ತಲೂ ಉಗುರಿನಿಂದ ಗೀರಿದಂಥ ಒಂದು ಗೆರೆ. ಅದರ ಕೆಳಗಿನ ಭಾಗವೆಲ್ಲ ಒಂದಿಷ್ಟು ಪಕ್ಕಕ್ಕೆ ಸರಿದಿತ್ತು. ಗೆರೆ ಬಂದದ್ದು ಗಾಯವಿರುವ ಜಾಗಕ್ಕೇ. ಅಚ್ಚಿನ ಗೆರೆ ಬಟ್ಟಲಿನಲ್ಲಿ ಏಣಾಗುತ್ತದೆ, ಆ ಏಣು ದಿನವಿಡೀ ಮೂಳೆಗೆ ಒತ್ತುತ್ತದೆ.

"ಕಾರ್ಡಿಗೆ ಹೋಗೋ ಕರೆಂಟು ನಡುಗ್ತಿದೆ" ಎಂದಳು ಅಕ್ಕ. "ಆ ಸಣ್ಣವೇ ಇರಬೇಕು."

"ಇರಬೇಕು ಅಂದ್ರೆ? ಗೊತ್ತಾಗಲ್ವಾ?" ಎಂದ ತಮ್ಮ.

"ಬಾಯಿ ಇದ್ದಿದ್ರೆ ಕೇಳ್ತಿದ್ದೆ ಕಣೋ."

ಹುಡುಗಿಗೆ ತನ್ನ ವಿದ್ಯೆ ನೆನಪಾಯಿತು. "ಅಕ್ಕ, ಅವಕ್ಕೆ ಮಾತ್ರ ಬಿಸಿಗಾಳಿ ಹಿಡಿಯೋಣ. ಬಿಸಿಗೆ ಸರಿಹೋದ್ರೆ ಅವೇ ಕಳ್ಳರು ಅಂತ ಗೊತ್ತಾಗುತ್ತಲ್ಲ?"

ಅಕ್ಕ ಅವಳ ಮುಖವನ್ನೇ ನೋಡಿದಳು. ಇದು ಅವಳಿಗೆ ಹೊಳೆದಿರಲಿಲ್ಲ. ಮೇಷ್ಟ್ರಿಗೂ ಹಿಡಿಸಿತು. "ಹಿಡೀರಿ. ಬಿಸಿ ಇರೋ ಹಾಗೇ ಅಚ್ಚು ಪೂರ್ತಿ ಕೊರೆದುಬಿಡೋಣ. ಇವರ ಕೆಲಸ ಇವತ್ತೇ ಮುಗಿದುಹೋಗುತ್ತೆ. ಬೋರ್ಡಿನ ಪಂಚಾಯ್ತಿ ಆಮೇಲೆ."

"ಮಾಡಿಬಿಡಕ್ಕಾ" ಎಂದ ತಮ್ಮ. ಅವನ ದನಿಯಲ್ಲಿ ಅವಸರವಿತ್ತು.

ದಿಂಡುಗಳು ಎರಡೇ ಉಳಿದಿದ್ದವು. ಹೊಸವು ಬರಲು ತಿಂಗಳು ಹಿಡಿಯುತ್ತದೆ. ಅಕ್ಕನ ಮನಸ್ಸು ಹೊಯ್ದಾಡಿತು. ಮುಟ್ಟದೆ ಕೆಲಸ ಆಗುವುದಾದರೆ ಮುಟ್ಟುವುದೇಕೆ? ರಟ್ಟಿನ ತುಂಡನ್ನು ಅಡ್ಡ ಇಟ್ಟು, ಆರು ಸಣ್ಣವುಗಳ ಮೇಲೆ ಮಾತ್ರ ಗಾಳಿ ಬೀಳುವಂತೆ ಮಾಡಿ, ಹುಡುಗಿಗೆ ಕಣ್ಸನ್ನೆ ಮಾಡಿದಳು.

ಸೂಜಿ ಮತ್ತೆ ತಿರುಗಿತು. ಮುಗ್ಗರಿಸಿದ್ದ ಜಾಗ ಬಂತು. ಸೂಜಿ ನುಣ್ಣಗೆ ದಾಟಿ ಕೆಳಗಿಳಿಯಿತು. ಅಕ್ಕ ಎರಡೂ ಕೈಯಿಂದ ಮೇಜಿನ ಅಂಚು ಹಿಡಿದಿದ್ದಳು. ಅವೇ. ಆ ಆರೇ. ಇನ್ನೊಂದು ಗೇಣು ಸಾಗಿದರೆ ಆಯಿತು.

ಡ್ರೈಯರ್ ಒಮ್ಮೆ ಕೆಮ್ಮಿದಂತೆ ಮಾಡಿ ನಿಂತುಹೋಯಿತು. ಸುಟ್ಟ ಧೂಳಿನ ವಾಸನೆ ಬಂತು.

"ಅಯ್ಯೋ, ಕಾದುಬಿಡ್ತು! ತಣ್ಣಗಾಗೋವರೆಗೂ ಆನ್ ಆಗಲ್ಲ!" ಹುಡುಗಿ ಅದನ್ನು ಕುಲುಕಿದಳು, ಉಫ್ ಎಂದು ಊದಿದಳು.

ಸ್ವಲ್ಪ ಹೊತ್ತಿನಲ್ಲಿ ಯಂತ್ರ ಮುಗ್ಗರಿಸಿತು, ಇನ್ನೊಮ್ಮೆ ಮುಗ್ಗರಿಸಿತು. ಮೇಷ್ಟ್ರು ಕೈ ಚಾಚಿ ಯಂತ್ರ ನಿಲ್ಲಿಸಿದರು. ಅಚ್ಚಿನ ಕೆಳಭಾಗ ಮೆಟ್ಟಿಲು ಮೆಟ್ಟಿಲಾಗಿತ್ತು.

ಈಗ ಒಂದೇ ದಿಂಡು.

"ಮೊದಲನೇ ಅಚ್ಚಿನ ಗೆರೆಗೇ ಪುಟ್ಟಿ ತುಂಬಿ ಉಜ್ಜಿಬಿಡ್ತೀನಿ" ಎಂದರು ಮೇಷ್ಟ್ರು. "ನನ್ನ ಬೆರಳುಗಳು ಈಗ ಮೊದಲಿನ ಹಾಗಿಲ್ಲ. ಆದರೂ ನೋಡ್ತೀನಿ. ಸ್ವಲ್ಪ ಹೆಚ್ಚು ಕಮ್ಮಿ ಆದೀತು."

"ಆಗಲಿ ಬಿಡಿ ಮೇಷ್ಟ್ರೇ" ಎಂದ ತಮ್ಮ. "ಅಕ್ಕಾ, ಸಾಕು. ಅದನ್ನ ಕೆದಕೋಕೆ ಹೋಗಬೇಡ. ಈಗಲಾದ್ರೂ ಉಸಿರಾಡ್ತಿದೆ, ನೀನು ಕೈ ಹಾಕಿ ಅದು ಹೋದ್ರೆ ನನ್ನೊಬ್ಬನದಲ್ಲ, ಇಲ್ಲಿ ಬರೋ ಎಲ್ಲರ ಕಾಲೂ ಹೋಯ್ತು. ಹೆಚ್ಚು ಕಮ್ಮಿ ಆದ್ರೆ ನಾನು ಎರಡು ಕಾಲುಚೀಲ ಜಾಸ್ತಿ ಹಾಕ್ಕೋತೀನಿ."

"ಹಳೇದಕ್ಕೂ ಹೀಗೇ ಹೇಳಿದ್ದೆ."

"ಹಳೇದನ್ನ ಮುಟ್ಟೇ ಇಲ್ವಲ್ಲ ಈಗ!"

ಅವನು ಎದ್ದು ನೀರು ಕುಡಿಯಲು ಊರುಗೋಲು ಹಿಡಿದು ಮೂಲೆಗೆ ಹೋದ. ಬಗ್ಗಿ ಲೋಟ ತೆಗೆದುಕೊಳ್ಳುವಾಗ ಮಡಚಿ ಪಿನ್ನು ಹಾಕಿದ್ದ ಪ್ಯಾಂಟಿನ ತುದಿ ಅಕ್ಕನ ಕಣ್ಣಿಗೆ ಬಿತ್ತು. ನಾಣ್ಯದಷ್ಟು ಕಲೆ. ಒಣಗಿದ್ದಲ್ಲ, ಕೆಂಪು.

"ಇಲ್ಲಿ ಬಾ."

"ಏನಕ್ಕಾ?"

"ಬಾ ಅಂದೆ."

ಪಿನ್ನು ಬಿಚ್ಚಿ, ಪಟ್ಟಿ ಸರಿಸಿ ನೋಡಿದಳು. ಗಾಯ ಹಸಿಯಾಗಿತ್ತು. ಅದರ ಸುತ್ತ ಬಟ್ಟಲಿನ ಅಂಚು ಒತ್ತಿದ ಗುರುತು ಇನ್ನೂ ಮಾಸಿರಲಿಲ್ಲ.

"ನಿನ್ನೆ ಹಾಕಿದ್ದೆಯಾ?"

ತಮ್ಮ ಗೋಡೆಯ ಕಡೆ ನೋಡಿದ. "ದಿನಾ ಸಂಜೆ... ಬಸ್‌ಸ್ಟಾಪಿನವರೆಗೆ. ಅಭ್ಯಾಸ ತಪ್ಪಿಹೋದ್ರೆ ನನ್ನ ಡಿಪೋದ ಕುರ್ಚಿಗೆ ಕೂರಿಸಿಬಿಡ್ತಾರೆ ಕಣಕ್ಕಾ. ಟೋಕನ್ ಕೊಡೋ ಕಿಟಕಿ. ಆ ಕಿಟಕೀಲಿ ಕೂತು ಸಾಯೋಕೆ ನನ್ನಿಂದ ಆಗಲ್ಲ."

ಅಕ್ಕ ಪಟ್ಟಿ ಕಟ್ಟಿ ಪಿನ್ನು ಮತ್ತೆ ಹಾಕಿದಳು. ಅವನು ಕಾಯುವವನಲ್ಲ. ಹೆಚ್ಚು ಕಮ್ಮಿ ಆದ ಬಟ್ಟಲು ಸಿಕ್ಕರೂ ಕಟ್ಟಿಕೊಂಡು ಬಸ್ಸು ಹತ್ತುತ್ತಾನೆ, ಸಿಗದಿದ್ದರೂ ಹಳೆಯದನ್ನು ಕಟ್ಟಿಕೊಳ್ಳುತ್ತಾನೆ. ಎರಡರಲ್ಲೂ ಮೊಣಕಾಲು ಹೋಗುವುದು ಖಂಡಿತ. ಇನ್ನು ಯಾರನ್ನೂ ಕೇಳುವುದು ಉಳಿದಿರಲಿಲ್ಲ.

ಅವಳು ಬೋರ್ಡನ್ನು ಹೊರಗೆ ತೆಗೆದಳು.

ಆರು ಕೆಪಾಸಿಟರುಗಳ ಧನ ಬದಿಗೆ, ಅಂದರೆ ಪ್ಲಸ್ ಕಡೆಗೆ, ಬೋರ್ಡಿನ ಮೇಲೆ ಕೆಂಪು ಮಾರ್ಕರಿನಿಂದ ಒಂದೊಂದು ಚುಕ್ಕೆ ಇಟ್ಟಳು. ಕೆಪಾಸಿಟರಿಗೆ ಮುಖ ಬೆನ್ನು ಇರುತ್ತದೆ. ಹಿಂದುಮುಂದಾಗಿ ಕೂರಿಸಿದರೆ ಕಾದು ಸಿಡಿಯುತ್ತದೆ, ಜೊತೆಗೆ ಕಾರ್ಡನ್ನೂ ಸುಡುತ್ತದೆ. ಬೋರ್ಡಿನ ಮೇಲೆ ಕಂಪನಿಯವರು ಅಚ್ಚು ಹಾಕಿದ್ದ ಗುರುತು ಎಂದೋ ಅಳಿಸಿಹೋಗಿತ್ತು. ಚುಕ್ಕೆ ಇಡುವಾಗ ಗಮನಿಸಿದಳು: ಆರರಲ್ಲಿ ಒಂದು ಮಾತ್ರ ಉಳಿದವರಿಗೆ ಬೆನ್ನು ಹಾಕಿ, ಮುನಿಸಿಕೊಂಡಂತೆ ನಿಂತಿತ್ತು. "ನಿನಗೇನಪ್ಪ ಕೋಪ?" ಎಂದು ಮನಸ್ಸಿನಲ್ಲೇ ಅಂದುಕೊಂಡು ಅದಕ್ಕೂ ಚುಕ್ಕೆ ಇಟ್ಟು ಮುಂದಕ್ಕೆ ಹೋದಳು.

ಮೊದಲನೆಯದಕ್ಕೆ ಐರನ್ ತಾಗಿಸಿದಳು. ಅಷ್ಟು ಹೊತ್ತು ಡ್ರೈಯರಿನ ಗಾಳಿ ಕುಡಿದಿದ್ದ ಜಾಗ ಇನ್ನೂ ಬೆಚ್ಚಗಿತ್ತು. ಬೆಸುಗೆ ಬೆಣ್ಣೆಯಂತೆ ಕರಗಿತು. ಕೆಪಾಸಿಟರ್ ತಾನಾಗಿ ಕೈಗೆ ಬಂತು. ತಾಮ್ರದ ಬಳೆ ಹೊಳೆಯುತ್ತಾ ಅಲ್ಲೇ ಉಳಿಯಿತು. ಅವಳು ಇಷ್ಟು ಹೆದರಿದ್ದು ಇದಕ್ಕೇನೇ? ಹೊಸದನ್ನು ಕೂರಿಸಲು ಹೊರಟವಳು ತಡೆದಳು. ಬೋರ್ಡು ತಣ್ಣಗಾಗುತ್ತಿದೆ. ತಣ್ಣಗಾದ ಮೇಲೆ ಉಳಿದ ಐದು ಇಷ್ಟು ಸಲೀಸಾಗಿ ಬರುವುದಿಲ್ಲ. ಎರಡನೆಯದಕ್ಕೆ ಐರನ್ ತಾಗಿಸಿದಳು. ಮೂರನೆಯದಕ್ಕೂ. ಆರೂ ಬಂದವು. ಆರು ಖಾಲಿ ಜಾಗಗಳು, ಪ್ರತಿಯೊಂದರ ಪಕ್ಕ ಒಂದು ಕೆಂಪು ಚುಕ್ಕೆ. ಚುಕ್ಕೆ ಇದೆಯಲ್ಲ ಎಂದು ತನಗೆ ತಾನೇ ಹೇಳಿಕೊಂಡು, ಹಳೆಯವನ್ನು ಒಟ್ಟಿಗೆ ತಟ್ಟೆಗೆ ಹಾಕಿ, ಕೆಪಾಸಿಟರಿನ ಡಬ್ಬಿ ತರಲು ಬೆಂಚಿನ ಬಳಿ ಹೋದಳು.

ಮರಳಿ ಬಂದಾಗ ಮೇಷ್ಟ್ರು ಬೋರ್ಡಿನ ಮುಂದೆ ನಿಂತಿದ್ದರು. ಹೆಗಲ ಬಟ್ಟೆ ಅವರ ಕೈಯಲ್ಲಿತ್ತು.

"ಅಂಟು ಅಂಟಾಗಿತ್ತಮ್ಮ. ನೀವು ಹೊಸದು ಹಾಕೋ ಮುಂಚೆ ಚೊಕ್ಕ ಮಾಡಿಟ್ಟೆ" ಎಂದರು, ಸಂತೋಷದಿಂದ.

ಬೋರ್ಡು ಕನ್ನಡಿಯಂತೆ ಹೊಳೆಯುತ್ತಿತ್ತು. ಒಂದು ಚುಕ್ಕೆಯೂ ಇರಲಿಲ್ಲ. ಬಟ್ಟೆಯ ಮೇಲೆ ತೆಳು ಕೆಂಪು ಗೀರು.

ಅಕ್ಕ ಡಬ್ಬಿಯನ್ನು ಮೇಜಿನ ಮೇಲಿಟ್ಟಳು. ಏನಾಯಿತೆಂದು ತಮ್ಮನಿಗೆ ಅವಳ ಮುಖ ನೋಡಿಯೇ ಗೊತ್ತಾಯಿತು. ಮೇಷ್ಟ್ರು ಒಮ್ಮೆ ಬಟ್ಟೆಯನ್ನೂ ಒಮ್ಮೆ ಬೋರ್ಡನ್ನೂ ನೋಡಿದರು.

"ಅದು... ನೀವು ಇಟ್ಟಿದ್ದ ಗುರುತಾ?"

"ಹೌದು ಮೇಷ್ಟ್ರೇ."

"ನಾನು ಕೊಳೆ ಅಂದ್ಕೊಂಡೆ." ಅವರು ಬಟ್ಟೆಯನ್ನು ಮುದ್ದೆ ಮಾಡಿ ಹಿಂದಕ್ಕೆ ಹಿಡಿದುಕೊಂಡರು. ಅಷ್ಟು ದೊಡ್ಡ ಮನುಷ್ಯ ಕುರ್ಚಿಯ ಅಂಚಿನಲ್ಲಿ ಕೂತದ್ದನ್ನು ನೋಡಿ ಅವಳಿಗೆ ಬೈಯುವುದೂ ಸಾಧ್ಯವಾಗಲಿಲ್ಲ. ತಪ್ಪು ಅವರದ್ದೆಂದು ಅವಳಿಗೆ ಅನ್ನಿಸಲೂ ಇಲ್ಲ. ಒಂದು ತೆಗೆದು ಒಂದು ಹಾಕಿದ್ದರೆ ಒರೆಸುವುದಕ್ಕೆ ಚುಕ್ಕೆಯೇ ಬೇಕಿರಲಿಲ್ಲ.

"ಮೀಟರ್ ಇಟ್ಟು ನೋಡಕ್ಕೆ ಆಗಲ್ವಾ ಅಕ್ಕಾ?" ಹುಡುಗಿ ಮೆಲ್ಲಗೆ ಕೇಳಿದಳು.

ಆಗುತ್ತದೆ. ಯಾವ ರಂಧ್ರ ಬೋರ್ಡಿನ ನೆಲಕ್ಕೆ, ಅಂದರೆ ಕಪ್ಪು ತಂತಿಗೆ, ಸೇರುತ್ತದೋ ಅದು ಋಣದ ಬದಿ. ಅಕ್ಕ ಮೀಟರಿನ ಒಂದು ಕಡ್ಡಿಯನ್ನು ಕಪ್ಪು ತಂತಿಯ ಜಾಗಕ್ಕೆ ಒತ್ತಿ, ಇನ್ನೊಂದನ್ನು ರಂಧ್ರಗಳಿಗೆ ಮುಟ್ಟಿಸುತ್ತಾ ಹೋದಳು. ಆರರಲ್ಲೂ ಒಂದೊಂದು ರಂಧ್ರಕ್ಕೆ ಮೀಟರು ಕೀ ಎಂದಿತು, ಸಂಪರ್ಕವಿದೆ ಎಂದು. ಆರೂ ಎಡಬದಿಯದೇ.

"ಸಿಕ್ತಲ್ಲ!" ಎಂದ ತಮ್ಮ. "ಎಲ್ಲ ಒಂದೇ ಕಡೆ. ಹಾಕಿಬಿಡು."

ಅಕ್ಕ ಮೊದಲನೆಯದನ್ನು ಬೆರಳಲ್ಲಿ ಹಿಡಿದಳು, ರಂಧ್ರದ ತನಕ ತಂದಳು, ಹಾಗೇ ನಿಂತಳು.

"ಇಲ್ಲ" ಎಂದಳು. "ಒಂದು ಮುನಿಸಿಕೊಂಡಿತ್ತು."

"ಏನು?"

"ಆರರಲ್ಲಿ ಒಂದು ಆ ಕಡೆ ತಿರುಗಿತ್ತು. ನಾನೇ ಚುಕ್ಕೆ ಇಟ್ಟೆ. ಮೀಟರು ಎಲ್ಲ ಒಂದೇ ಕಡೆ ಅಂತಿದೆ."

"ಯಾವುದು ಅಂತ ನೆನಪಿಲ್ವಾ?"

ಅವಳು ಕಣ್ಣು ಮುಚ್ಚಿದಳು. ಮೂರನೆಯದೋ ಐದನೆಯದೋ. ಚುಕ್ಕೆಗಳ ಸಾಲು ಕಣ್ಣ ಮುಂದೆ ಬಂದು ಕಲಸಿಹೋಯಿತು. ತಟ್ಟೆಯಲ್ಲಿ ಆರು ಹಳೆಯವು ಒಂದರ ಮೇಲೊಂದು ಬಿದ್ದಿದ್ದವು, ಆರೂ ಒಂದೇ ಥರ. ಹೊರಗೆ ಯಾರದೋ ಸ್ಕೂಟರ್ ಸ್ಟಾರ್ಟ್ ಆಗದೆ ಕೆಮ್ಮುತ್ತಿತ್ತು.

"ಚೆನ್ನಾಗಿ ನೋಡಿದ್ದೀಯಾ ಅಕ್ಕಾ? ಆತಂಕದಲ್ಲಿ ಹಾಗೆ ಕಂಡಿರಬಹುದು."

"ನೋಡಿದ್ದೀನಿ ಕಣೋ."

"ಹಾಗಾದ್ರೆ ಮೀಟರ್ ಸುಳ್ಳು ಹೇಳ್ತಿದೆಯಾ?"

ಈ ಪ್ರಶ್ನೆ ಅವಳೊಳಗೆ ಎಲ್ಲೋ ತಾಗಿತು. ಮೀಟರು ಸುಳ್ಳು ಹೇಳುವುದಿಲ್ಲ. ಕೇಳಿದ್ದಕ್ಕಷ್ಟೇ ಉತ್ತರಿಸುತ್ತದೆ. ನೆಲಕ್ಕೆ ಸೇರಿದ್ದೀಯಾ ಎಂದು ಕೇಳಿದಳು, ಆರೂ ಹೌದೆಂದವು. ನೆಲ ಯಾವಾಗಲೂ ಋಣವೇ ಎಂದುಕೊಂಡದ್ದು ಅವಳು. ನೆಲಕ್ಕಿಂತಲೂ ಕೆಳಗಿನ, ಮೈನಸ್ ಕರೆಂಟು ಒಂದಿದ್ದರೆ? ಅಲ್ಲಿ ನೆಲವೇ ಧನವಾಗುತ್ತದೆ. ಅಲ್ಲಿ ಕೂತ ಕೆಪಾಸಿಟರ್ ಉಳಿದವಕ್ಕೆ ಬೆನ್ನು ಹಾಕಲೇಬೇಕು.

ಕಂಪ್ಯೂಟರಿನ ಪವರ್ ಡಬ್ಬದಿಂದ ಬರುವ ತಂತಿಗಳ ಗೊಂಚಲನ್ನು ಎಳೆದುಕೊಂಡಳು. ಕೆಂಪು, ಹಳದಿ, ಕಪ್ಪು. ಅವುಗಳ ನಡುವೆ ಒಂಟಿಯಾಗಿ ಒಂದು ನೀಲಿ. ಕಾರ್ಖಾನೆಯಲ್ಲಿ ಬೋರ್ಡುಗಳ ಮೇಲೆ ಆ ನೀಲಿಯನ್ನು ಕಂಡದ್ದುಂಟು. ಟೀವಿಯಲ್ಲಿ ಅದರ ಕೆಲಸ ಬೀಳುವುದು ಅಪರೂಪವಾದ್ದರಿಂದ ಮರೆತಿದ್ದಳು. ನೆಲಕ್ಕಿಂತ ಕೆಳಗಿನ ಕರೆಂಟು ಬರುವುದು ಅದರಲ್ಲಿ.

ಆ ಗೊಂಚಲನ್ನು ಬೋರ್ಡಿಗೆ ಚುಚ್ಚಿ, ನೀಲಿ ತಂತಿಯ ಬುಡಕ್ಕೆ ಮೀಟರಿನ ಕಡ್ಡಿ ಒತ್ತಿದಳು. ಇನ್ನೊಂದು ಕಡ್ಡಿಯನ್ನು ಮೊದಲ ಕೆಪಾಸಿಟರಿನ ಬಲ ರಂಧ್ರಕ್ಕೆ ಮುಟ್ಟಿಸಿದಳು. ಸದ್ದಿಲ್ಲ. ಎರಡನೆಯದು, ಸದ್ದಿಲ್ಲ. ಮೂರನೆಯದು. ತಮ್ಮ ಬೆಂಚಿನಿಂದ ಎದ್ದು ಊರುಗೋಲಿಲ್ಲದೆ ಗೋಡೆ ಹಿಡಿದು ನಿಂತಿದ್ದ. ನಾಲ್ಕನೆಯದಕ್ಕೆ ಮುಟ್ಟಿಸಿದಳು.

ಕೀ ಎಂದಿತು.

"ಸಿಕ್ಕಿಬಿಟ್ಯಾ ಮಹರಾಯ" ಎಂದಳು ಅಕ್ಕ. ಉಳಿದ ಎರಡನ್ನೂ ಮುಟ್ಟಿ ನೋಡಿದಳು, ಅವು ಮಾತಾಡಲಿಲ್ಲ. ಮೂರನೆಯದಾಗಲಿ ಐದನೆಯದಾಗಲಿ ಅಲ್ಲವೇ ಅಲ್ಲ. ನೆನಪನ್ನು ನಂಬಿ ಕೂರಿಸಿದ್ದರೆ ಏನಾಗುತ್ತಿತ್ತೆಂದು ಯೋಚಿಸುವುದಕ್ಕೂ ಅವಳಿಗೆ ಧೈರ್ಯ ಸಾಲಲಿಲ್ಲ.

ಬೋರ್ಡು ಈಗ ಪೂರ್ತಿ ತಣ್ಣಗಾಗಿತ್ತು. ಒಂದೊಂದನ್ನೂ ಕೂರಿಸಲು ಹೆಚ್ಚು ಹೊತ್ತು ಹಿಡಿಯಿತು. ನಾಲ್ಕನೆಯದನ್ನು ಬೆನ್ನು ತಿರುಗಿಸಿ ಕೂರಿಸಿದಳು. ಮೆಟ್ಟಿಲ ಕೆಳಗಿನ ಹೊಗೆ ಅಂದು ಕಾರ್ಯಾಗಾರದ ದೀಪದ ಸುತ್ತ ಸುಳಿಯಿತು. ಮೇಷ್ಟ್ರು ದೂರ ನಿಂತಿದ್ದರು. ಒರೆಸಬೇಕೆನ್ನಿಸಿದಾಗಲೆಲ್ಲ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಳ್ಳುತ್ತಿದ್ದರು.

"ನೀನೇ ಒತ್ತು" ಎಂದಳು ಅಕ್ಕ ಕೊನೆಗೆ, ಹುಡುಗಿಗೆ.

"ನಾನಾ? ಏನಾದ್ರೂ ಆದ್ರೆ?"

"ಆದ್ರೆ ನನ್ನ ತಲೆ ಮೇಲೆ. ಒತ್ತಮ್ಮ."

ಪರದೆ ಬೆಳಗಿತು. ಅಕ್ಕ ಆರರ ತಲೆಯನ್ನೂ ಬೆರಳ ತುದಿಯಿಂದ ಮುಟ್ಟಿ ನೋಡಿದಳು. ನಾಲ್ಕನೆಯದರ ಮೇಲೆ ಬೆರಳು ಇಟ್ಟವಳು ತೆಗೆಯಲೇ ಇಲ್ಲ. ತಣ್ಣಗಿತ್ತು.

ಕೊನೆಯ ದಿಂಡು ಯಂತ್ರಕ್ಕೇರಿತು. ಸೂಜಿ ಮೊದಲು ಮುಗ್ಗರಿಸಿದ್ದ ಜಾಗ ದಾಟಿತು, ಡ್ರೈಯರ್ ಕೈಕೊಟ್ಟ ಜಾಗ ದಾಟಿತು, ಯಾರ ಕಡೆಯೂ ನೋಡದೆ ಒಂದೇ ಸಮನೆ ಕೆಳಗಿಳಿದು ನಿಂತಿತು. ಮೇಷ್ಟ್ರು ಅಚ್ಚನ್ನು ಬಿಡಿಸಿ, ಕಿಟಕಿಯ ಬೆಳಕಿಗೆ ಒಯ್ದು, ಕಣ್ಣು ಮುಚ್ಚಿಕೊಂಡು ಅಂಗೈಯಿಂದ ಸವರಿದರು. ಒಮ್ಮೆ, ಮತ್ತೊಮ್ಮೆ. ಆಮೇಲೆ ತಮ್ಮನ ಕಡೆ ತಿರುಗಿ, "ಏನಪ್ಪ ಕಂಡಕ್ಟರ್, ರೈಟ್ ಅನ್ನಲಾ?" ಎಂದರು.

"ತಡೀರಿ" ಎಂದಳು ಅಕ್ಕ. ಎಲ್ಲರೂ ಬೆಚ್ಚಿದರು. "ಕಂಪ್ಯೂಟರ್ ಆಫ್ ಮಾಡಿ. ಪೂರ್ತಿ ತಣ್ಣಗಾಗಲಿ. ತಣ್ಣಗಾದ ಮೇಲೆ ಎದ್ದರೆ ಮಾತ್ರ ಕೆಲಸ ಮುಗಿದಂಗೆ."

ಚಳಿಗಾಲದಲ್ಲಿ ಅದನ್ನು ಹಗಲು ಹೊತ್ತು ಆರಿಸಿದವರೇ ಅಲ್ಲಿರಲಿಲ್ಲ. ಹುಡುಗಿ ಜೀವ ಕೈಯಲ್ಲಿ ಹಿಡಿದು ಗುಂಡಿ ಒತ್ತಿದಳು. ಕಿಟಕಿ ತೆರೆದಿಟ್ಟು ಚಹಾ ಕುಡಿಯುತ್ತಾ ಕಾದರು. ಯಾರಿಗೂ ಚಹಾದ ರುಚಿ ತಿಳಿಯಲಿಲ್ಲ. ಹೊರಗಿನ ಚಳಿ ಕೋಣೆಯೊಳಗೆ ತುಂಬಿದ ಮೇಲೆ ಮತ್ತೆ ಒತ್ತಿದಾಗ, ಅದು ಎದ್ದಿತು. ಮೊದಲ ಒತ್ತಿಗೇ.

ಹುಡುಗಿ ಡ್ರೈಯರಿನ ತಂತಿ ಸುತ್ತಿ ಮೊಳೆಯಲ್ಲಿದ್ದ ಹೆಗಲ ಚೀಲಕ್ಕೆ ತುರುಕಿದಳು. "ಕಣ್ಣಿಗೆ ಬಿದ್ರೆ ಮತ್ತೆ ಕೇಳ್ತೀರಿ ನೀವು. ಇನ್ನಿದು ನಂದು" ಎಂದಳು.

ಹೊಸ ಬಟ್ಟಲು ಸಿದ್ಧವಾದ ದಿನ ತಮ್ಮ ಹಿಡಿದು ನಡೆಯುವ ಎರಡು ಕಬ್ಬಿಣದ ಕಂಬಿಗಳ ನಡುವೆ ನಿಂತ. ಮೊದಲು ಭಾರ ಬಿಡಲಿಲ್ಲ. ಆಮೇಲೆ ಬಿಟ್ಟ. ಅಕ್ಕ ಕಾಲನ್ನು ನೋಡಲಿಲ್ಲ, ಅವನ ಹುಬ್ಬನ್ನೇ ನೋಡುತ್ತಿದ್ದಳು. ಹುಬ್ಬು ಗಂಟಿಕ್ಕಲಿಲ್ಲ.

"ಮುಂದೆ ಬನ್ನಿ, ಮುಂದೆ ಬನ್ನಿ, ಜಾಗ ಇದೆ" ಎಂದು ತನಗೆ ತಾನೇ ಕೂಗಿಕೊಳ್ಳುತ್ತಾ ಆ ತುದಿಗೆ ಹೋಗಿ ಈ ತುದಿಗೆ ಬಂದ. ಮೇಷ್ಟ್ರು ಬಟ್ಟಲು ಬಿಚ್ಚಿಸಿ ಚರ್ಮ ನೋಡಿದರು. ಸುತ್ತಲೂ ಒಂದೇ ಹದದ ತೆಳು ಕೆಂಪು. ಮೂಳೆಯ ತುದಿಯ ಮಾಗುತ್ತಿದ್ದ ಗಾಯದ ಮೇಲೆ ಏನೂ ಇಲ್ಲ. ಗಾಯ ಪೂರ್ತಿ ಮಾಗುವವರೆಗೆ ದಿನಕ್ಕೆ ಸ್ವಲ್ಪ ಹೊತ್ತು ಮಾತ್ರ ಹಾಕಬೇಕು, ಆಮೇಲೆ ಬಸ್ಸು ಎಂದರು.

"ಕೇಳಿಸ್ತಾ?" ಎಂದಳು ಅಕ್ಕ.

"ಕೇಳಿಸ್ತು ಕಣಕ್ಕಾ."

"ಹಳೇ ಕಾಲೆಲ್ಲಿ?"

"ಮನೇಲಿದೆ. ಯಾಕೆ?"

ಆ ಸಂಜೆಯೇ ಅಕ್ಕ ಅವನ ಮನೆಗೆ ಹೋಗಿ, ಮಂಚದ ಕೆಳಗಿನಿಂದ ಹಳೆಯ ಕಾಲನ್ನು ಎಳೆದು, ಸೆರಗಿನಲ್ಲಿ ಸುತ್ತಿ ಅಂಗಡಿಗೆ ತಂದಳು. ಈಗಲೂ ಅದು ಅವಳ ಮೇಜಿನ ಕೆಳಗೆ, ಸವೆದ ಬೂಟಿನ ಸಮೇತ ನಿಂತಿದೆ. ಮಿಕ್ಸರೋ ರೇಡಿಯೋ ಹಿಡಿದು ಮೊದಲ ಸಲ ಬಂದವರು ಬಗ್ಗಿ ನೋಡಿ ಬೆಚ್ಚುತ್ತಾರೆ.

"ಅದೂ ರಿಪೇರಿಗೆ ಬಂದಿದ್ದಾ ಅಕ್ಕ?" ಎಂದು ಕೇಳುತ್ತಾರೆ.

"ಇಲ್ಲ" ಎನ್ನುತ್ತಾಳೆ ಹೊಗೆ ಅಕ್ಕ, ಐರನ್ ತುದಿಯಿಂದ ಕಣ್ಣು ತೆಗೆಯದೆ. "ವಾಪಸ್ ಕೊಡಬಾರದು ಅಂತ ಇಟ್ಟಿದ್ದೀನಿ."